ಹೆಬ್ಬೆರಳಿನ ಲೆಕ್ಕ

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಉದ್ದಕ್ಕೂ ನೆಲದ ಬೆಲೆ ಮುಗಿಲಿಗೇರಿತು. ಹುಣಸಮಾರನಹಳ್ಳಿಯಲ್ಲಿ ರಾಗಿ ಬೆಳೆದ ಹೊಲಗಳಲ್ಲಿ ಈಗ ಮಹಡಿಗಳು ಬೆಳೆಯುತ್ತಿವೆ. ಬೆಲೆ ಏರದೆ ಉಳಿದದ್ದು ಒಂದೇ: ಆ ಮಹಡಿಗಳ ಸಾರುವೆ ಮೇಲೆ ನಿಂತವನ ಮೈ.

ಅವನು ಬಿದ್ದರೆ ಏನಾಗುತ್ತೆ? ಮೇಸ್ತ್ರಿ ಆಸ್ಪತ್ರೆಗೆ ಸೇರಿಸ್ತಾನೆ. ಮೂರನೇ ದಿನ ಐದು ಸಾವಿರ ಕೈಗಿಟ್ಟು, ‘ಓನರು ದೊಡ್ಡ ಮನಸ್ಸು ಮಾಡವ್ರೆ, ಇಲ್ಲೊಂದು ಹೆಬ್ಬೆಟ್ಟು ಒತ್ತಪ್ಪ’ ಅಂತಾನೆ. ಒತ್ತಿದವನು ಕೈ ಮುಗಿದು ಊರಿನ ಬಸ್ಸು ಹತ್ತುತ್ತಾನೆ, ಮುಗಿಯಲಿಕ್ಕೆ ಕೈ ಉಳಿದಿದ್ದರೆ.

ದೊಡ್ಡ ಮನಸ್ಸಂತೆ! ನಾವು ಹೇಳುತ್ತೇವೆ: ಅದು ದಾನ ಅಲ್ಲ, ಸಾಲ. ಕೆಲಸದಲ್ಲಿ ಗಾಯವಾದರೆ ಮಾಲೀಕ ಹಣ ಕಟ್ಟಬೇಕು ಅಂತ 1923ರಲ್ಲೇ ಕಾಯ್ದೆ ಆಯಿತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಕೂತಿದೆ. ಹೆಸರು ಬದಲಾಗಿದೆ, ಸಾಲ ತೀರಿಲ್ಲ. ಮಾಲೀಕನ ತಪ್ಪು ಅಂತ ನಾವು ಸಾಬೀತು ಮಾಡಬೇಕಿಲ್ಲ. ಕೆಲಸ ಮಾಡುವಾಗ, ಕೆಲಸದಿಂದಲೇ ಗಾಯ ಆಯಿತು ಅಂತ ತೋರಿಸಿದರೆ ಸಾಕು.

ಲೆಕ್ಕ ನೋಡಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತು ಅಂತ ಕಾನೂನಿನ ಪಟ್ಟಿ ಹೇಳುತ್ತೆ. ಮೂವತ್ತರ ಪ್ರಾಯದವನು, ತಿಂಗಳ ಕೂಲಿ 12,000. ಅದರಲ್ಲಿ ನೂರಕ್ಕೆ 60 ಅಂದರೆ 7,200. ಆ ಪ್ರಾಯಕ್ಕೆ ಕಟ್ಟಿದ ಅಂಕಿ 207.98ರಿಂದ ಗುಣಿಸಿ, ಅದರಲ್ಲಿ ನೂರಕ್ಕೆ 30 ತೆಗೆಯಿರಿ. ಸುಮಾರು 4 ಲಕ್ಷ 49 ಸಾವಿರ. ಆಸ್ಪತ್ರೆ ಖರ್ಚು ಬೇರೆ. ಈಗ ಹೇಳಿ, ಆ ಐದು ಸಾವಿರ ಯಾರ ದೊಡ್ಡ ಮನಸ್ಸು? ಏಕಲವ್ಯನ ಹೆಬ್ಬೆರಳು ಕೇಳಿದ ಗುರುವಿಗೆ ಈ ಲೆಕ್ಕ ಯಾರೂ ಒಪ್ಪಿಸಲಿಲ್ಲ. ಈ ದ್ರೋಣರಿಗೆ ಒಪ್ಪಿಸೋಣ.

‘ನಮ್ಮ ಆಳಲ್ಲ, ಕಂಟ್ರಾಕ್ಟರ್ ಆಳು’ ಅಂತಾರೆ. ಕೆಲಸ ಯಾರ ದಂಧೆಯದೋ ಆ ಧಣಿಯನ್ನೂ ಕಾನೂನು ಹಿಡಿಯುತ್ತೆ. ‘ಕುಡಿದಿದ್ದ, ಹೆಲ್ಮೆಟ್ ಹಾಕಿರಲಿಲ್ಲ’ ಅಂತಾರೆ. ಸಾವಾದರೆ, ಪೂರ್ತಿ ಕೈಲಾಗದವನಾದರೆ ಆ ನೆಪ ನಡೆಯೋಲ್ಲ. ‘ಹಕ್ಕು ಬಿಟ್ಟೆ ಅಂತ ಹೆಬ್ಬೆಟ್ಟು ಒತ್ತವ್ನೆ’ ಅಂತಾರೆ. ಆ ಕಾಗದ ಕಾನೂನಿನ ಮುಂದೆ ಬರೀ ರದ್ದಿ.

ಅಣ್ಣಂದಿರೇ, ಅಕ್ಕಂದಿರೇ, ಬಿದ್ದ ದಿನವೇ ಆಸ್ಪತ್ರೆ ಚೀಟಿಯಲ್ಲಿ ‘ಕೆಲಸದ ಜಾಗದಲ್ಲಿ ಬಿದ್ದದ್ದು’ ಅಂತ ಬರೆಸಿ. ಜೊತೆಗಿದ್ದವರ ಹೆಸರು, ಫೋಟೊ, ಕೂಲಿ ಚೀಟಿ ಇಟ್ಟುಕೊಳ್ಳಿ. ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಿ. ಎರಡು ವರ್ಷದೊಳಗೆ ಅರ್ಜಿ ಬೀಳಬೇಕು. ರಾಯಚೂರಿಗೆ ಮರಳಿದವರು ಅಲ್ಲಿಂದಲೇ ಹಾಕಬಹುದು. ಇ.ಎಸ್.ಐ. ಕಾರ್ಡಿದ್ದರೆ ಆ ನಿಗಮವನ್ನು ಕೇಳಿ. ವಕೀಲರಿಗೆ ದುಡ್ಡಿಲ್ಲವೇ? ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಆದಾಯ ಕೇಳದೆ ಬಿಟ್ಟಿ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆಯೇ ಹೇಳುತ್ತೆ.

1983ರಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದ ಕಟ್ಟಡ ಕೂಲಿಯವರ ಮೇಲೆಯೇ ಕುಸಿಯಿತು. ಹೆಣಗಳು ಸಾಲಾಗಿ ಮಲಗಿದರೆ ಮಂತ್ರಿಗಳು ಬರುತ್ತಾರೆ. ಒಬ್ಬೊಬ್ಬನೇ ಬಿದ್ದರೆ ಬರುವವನು ಮೇಸ್ತ್ರಿ ಮಾತ್ರ.

ಇಷ್ಟು ಹೇಳಿ ಕಾನೂನಿಗೆ ನಾವು ಜೈಕಾರ ಹಾಕುತ್ತಿಲ್ಲ. ಅದು ಅಳೆಯುವುದು ಕೂಲಿಯನ್ನು. ಗಾರೆ ಬಾಂಡ್ಲಿ ಹೊರುವ ಹೆಂಗಸಿಗೆ ಕೂಲಿ ಕಡಿಮೆ, ಆದ್ದರಿಂದ ಅವಳ ಹೆಬ್ಬೆರಳೂ ಅಗ್ಗ. ಹೊಲೆಮಾದಿಗರ ಕೂಲಿಯನ್ನು ಶತಮಾನಗಳ ಕಾಲ ಕೆಳಗೆ ಒತ್ತಿ ಹಿಡಿದ ಜಾತಿ ಈ ಗುಣಾಕಾರದೊಳಗೂ ಕೂತಿದೆ. ಒಳಚರಂಡಿಯಲ್ಲಿ ಸತ್ತವರಿಗೆ ಕೂಲಿ ನೋಡದೆ 30 ಲಕ್ಷ ಕೊಡಿ ಅಂತ 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ಸಾರುವೆಯಿಂದ ಬಿದ್ದವರನ್ನೇಕೆ ಕೂಲಿಯ ತಕ್ಕಡಿಗೆ ಹಾಕುತ್ತೀರಿ?

ಅದನ್ನು ಕೇಳುತ್ತಲೇ ಇರುತ್ತೇವೆ. ಅಲ್ಲಿಯವರೆಗೆ, ಇರುವ ಸಾಲವನ್ನಾದರೂ ಪೈಸೆ ಬಿಡದೆ ವಸೂಲು ಮಾಡೋಣ. ಬಿಳಿ ಹಾಳೆಗೆ ಇನ್ನು ಹೆಬ್ಬೆಟ್ಟು ಇಲ್ಲ.