ಗೋಡೆ ಮೇಲಿನ ಹುಲಿ, ಬಯಲಿನ ಜಿಂಕೆ

ಮೊನ್ನೆ ಮೊಮ್ಮಗಳನ್ನ ಬಿಡೋಕೆ ಶಾಲೆ ಹತ್ರ ಹೋಗಿದ್ದೆ. ಕಾಂಪೌಂಡಿಗೆ ಹೊಸದಾಗಿ ಚಿತ್ರ ಬರೆಸವ್ರೆ. ಹುಲಿ, ಆನೆ, ಜಲಪಾತ, ಹಿಂದೆ ದಟ್ಟ ಕಾಡು. ಪೇಂಟರ್ ಕೈ ಒಳ್ಳೇದು, ಇಲ್ಲ ಅನ್ನಲ್ಲ. ಆದ್ರೆ ಪಾವಗಡ ಸೀಮೆಗೂ ಜಲಪಾತಕ್ಕೂ ಏನ್ರಪ್ಪಾ ಸಂಬಂಧ? ಕಾಡು ಅಂದ್ರೆ ಮರ, ಬಯಲು ಅಂದ್ರೆ ಬೀಳು ಅಂತ ನಮ್ಮ ಮಕ್ಕಳು ಕಲೀತಾವೆ.

ನಮ್ಮ ಕಾಡು ಅಂದ್ರೆ ಹುಲ್ಲುಬಯಲೇ. ನಾನು ಹುಡುಗನಾಗಿ ಕುರಿ ಹೊಡ್ಕೊಂಡು ಹೋದಾಗ ಕರೀ ಬೆನ್ನಿನ, ತಿರುಚು ಕೊಂಬಿನ ಗಂಡು ಜಿಂಕೆ ಕಾಣೋದು. ನಾವು ಕೂಗಿದ್ರೆ ನೆಲ ಬಿಟ್ಟು ಎಗರೋದು. ತೋಳ ಮರಿ ಹೊತ್ಕೊಂಡು ಹೋದ ದಿನ ಅಪ್ಪ ಊಟ ಮಾಡ್ಲಿಲ್ಲ, ಅದನ್ನೂ ಮರೆತಿಲ್ಲ.

ಈಗ ಅಲ್ಲಿ ಸೋಲಾರ್. ತಿರುಮಣಿ, ವಳ್ಳೂರು, ನಮ್ಮ ರಾಯಚರ್ಲು ಸೇರಿ ಐದು ಊರಿನ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ನಾನೂ ಮೂರು ಎಕರೆ ಕೊಟ್ಟಿದೀನಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಬಾಡಿಗೆ. ಮಳೆ ನಂಬ್ಕೊಂಡು ಕಡ್ಲೆಕಾಯಿ ಹಾಕಿ ನಾನು ಅಷ್ಟು ಉಳಿಸಿದ್ದೇ ಇಲ್ಲ. ತಪ್ಪು ಮಾಡ್ದೆ ಅಂತ ಹೇಳಲ್ಲ. ಆದ್ರೆ ಬೇಲಿ ಒಳಗೆ ಜಿಂಕೆ ಓಡಲ್ಲ, ಅದನ್ನ ಒಪ್ಕೋಬೇಕು.

ಹತ್ರದಲ್ಲಿ ಉಳಿದಿರೋದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು, 798 ಎಕರೆ. ಜಿಂಕೆಗೆ ಸರ್ವೆ ಕಲ್ಲು ಗೊತ್ತಾ? ಸುತ್ತಲ ಹೊಲಕ್ಕೆ ನುಗ್ತವೆ. ಆ ರೈತರು ಬೈಯೋದು ನ್ಯಾಯವಾಗೇ ಐತೆ, ಬೆಳೆ ಪರಿಹಾರ ತಡ ಮಾಡ್ದೆ ಕೊಡ್ಬೇಕು. ಅಲ್ಲಿ ಗಿಡ ನೆಟ್ಟು ಕಾಡು ಮಾಡೋಣ ಅನ್ನೋರ ಮಾತು ಮಾತ್ರ ಕೇಳ್ಬೇಡಿ. ಜಿಂಕೆಗೆ ಕಣ್ಣು, ಕಾಲೇ ರಕ್ಷಣೆ. ಮರ ಬೆಳೆದ್ರೆ ದೂರನೂ ಕಾಣಲ್ಲ, ಓಡೋಕೂ ಆಗಲ್ಲ.

ಹಿಂದೂಪುರದ ಪಕ್ಕ ಲೇಪಾಕ್ಷಿಗೆ ಹೋದ್ರೆ ತಲೆ ಎತ್ತಿ ಮಂಟಪದ ಛಾವಣಿ ನೋಡಿ. ವಿಜಯನಗರದ ಕಾಲದ ಚಿತ್ರಗಳು. ಕಿರಾತಾರ್ಜುನರ ಕತೆಯಲ್ಲಿ ಒಂದು ಕಾಡುಹಂದಿ ಐತೆ. ಬರೆದವನು ಹಂದಿ ನೋಡಿದ್ದವನೇ ಇರ್ಬೇಕು. ನಮ್ಮ ಜೋಳದ ಹೊಲಕ್ಕೂ ಹಂಗೇ ಬರೋದು!

ಶಾಲೆಯಲ್ಲಿ ಕೇಳ್ದೆ, ಜಿಂಕೆ, ತೋಳ, ನರಿ ಬರೆಸಬಾರ್ದಾ ಅಂತ. "ತೋಳ ಬೇಡ ಕಣಣ್ಣ, ಮಕ್ಕಳು ಹೆದರ್ತಾವೆ" ಅಂದ್ರು. ಹುಲಿಗೆ ಹೆದರಲ್ವಾ ಅಂದೆ, ನಕ್ಕರು. ಹಿಂದಿನ ಗೋಡೆ ಇನ್ನೂ ಖಾಲಿ ಐತೆ. ಬಣ್ಣದ ದುಡ್ಡು ನಾನೇ ಕೊಡ್ತೀನಿ ಅಂದಿದೀನಿ. ಮೈದನಹಳ್ಳಿ ಕಡೆಯವರ ಹತ್ರ ಗಂಡು ಜಿಂಕೆ ಓಡೋ ಒಳ್ಳೆ ಫೋಟೋ ಇದ್ರೆ ಕಳ್ಸಿ, ಪೇಂಟರಿಗೆ ತೋರಿಸ್ಬೇಕು.