ಟಿಕೆಟ್ ಕೊಂಡ ಪಂಟರ್‌ಗೂ ಒಂದು ಲೋಟ ನೀರು

ಸಿನಿಮಾ ಮಂದಿರದಲ್ಲಿ ಎಸಿ ಕೆಟ್ಟರೆ ಪ್ರೇಕ್ಷಕರು ಶಿಳ್ಳೆ ಹೊಡೆದು ಮ್ಯಾನೇಜರನ್ನು ಕರೆಸುತ್ತಾರೆ. ರೈಲಿನ ಶೌಚಾಲಯದಲ್ಲಿ ನೀರು ಬರದಿದ್ದರೆ ಫೋಟೊ ತೆಗೆದು ಸಚಿವರಿಗೇ ಕಳಿಸುವವರಿದ್ದಾರೆ. ರೇಸ್ ಕೋರ್ಸಿನಲ್ಲಿ ಇದೇ ಆದರೆ ಬಾಜಿ ಕಟ್ಟಲು ಬಂದ ಪಂಟರ್ ತುಟಿ ಬಿಚ್ಚುವುದಿಲ್ಲ. ಎಷ್ಟೋ ಮನೆಗಳಲ್ಲಿ ಅವನು ಅಲ್ಲಿಗೆ ಹೋಗುತ್ತಾನೆಂಬುದೇ ಗೊತ್ತಿರುವುದಿಲ್ಲ. ಗೊತ್ತಿದ್ದ ಮನೆಯಲ್ಲಿ ದೂರು ಹೇಳಿಕೊಂಡರೆ, ‘ಕುದುರೆ ಬಾಲಕ್ಕೆ ದುಡ್ಡು ಕಟ್ಟೋಕೆ ಹೋದೋರಿಗೆ ಕುರ್ಚಿ ಬೇರೆ ಕೇಡು’ ಎಂಬ ಮಾತು ಸಿದ್ಧವಾಗಿರುತ್ತದೆ.

ರೇಸ್ ಆಡಿ ಎಂದು ಈ ಬರಹ ಯಾರಿಗೂ ಹೇಳುತ್ತಿಲ್ಲ. ರೇಸಿನಿಂದ ಮನೆ ಮಾರಿಕೊಂಡವರ ಕಥೆಗಳು ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೇಕಾದಷ್ಟಿವೆ, ಅವು ಸುಳ್ಳೂ ಅಲ್ಲ. ಇಲ್ಲಿ ಕೇಳುತ್ತಿರುವುದು ಬೇರೆ. ಸರ್ಕಾರವೇ ಪರವಾನಗಿ ಕೊಟ್ಟ ಜಾಗಕ್ಕೆ ದುಡ್ಡು ತೆತ್ತು ಬಂದ ಮನುಷ್ಯನಿಗೆ ಕೂರಲು ನೆರಳು, ಕುಡಿಯಲು ನೀರು, ಚೊಕ್ಕಟವಾದ ಶೌಚಾಲಯ, ಕೇಳಿದ್ದಕ್ಕೊಂದು ಉತ್ತರ ಸಿಗಬೇಕೋ ಬೇಡವೋ?

ಅವನು ತೆರುವುದೇನೂ ಕಡಿಮೆಯಲ್ಲ. ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಏರಿತು. ಬಾಜಿಯ ಗೋಜೇ ಬೇಡ, ಸುಮ್ಮನೆ ಕುದುರೆ ಓಡುವುದನ್ನು ನೋಡಿ ಬರೋಣ ಎಂದು ಪ್ರವೇಶ ಟಿಕೆಟ್ ತೆಗೆದುಕೊಂಡವನಿಗೂ ಅದೇ ಶೇ 40. ಬೆಂಗಳೂರಿನ ರೇಸ್ ಕೋರ್ಸಿನಿಂದ ಕೂಗಳತೆಯ ಗಾಂಧಿನಗರದಲ್ಲಿ 100 ರೂಪಾಯಿವರೆಗಿನ ಸಿನಿಮಾ ಟಿಕೆಟ್‌ಗೆ ಶೇ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 18. ಇನ್ನು ರೇಸ್ ಕ್ಲಬ್ಬೇ ನಡೆಸುವ ಟೋಟ್ ಎಂಬ ಬಾಜಿ ವ್ಯವಸ್ಥೆಯಲ್ಲಿ ಗೆದ್ದವನಿಗೆ ಸಿಗುವುದು ಸೋತವರು ಕಟ್ಟಿದ ಹಣವೇ ಹೊರತು ಕ್ಲಬ್ಬಿನ ಗಂಟಲ್ಲ. ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತದೆ, ಕ್ಲಬ್ಬು ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಹಂಚುತ್ತದೆ. ಕುದುರೆ ಗೆದ್ದರೂ ಸೋತರೂ ಕ್ಲಬ್ಬಿನ ಪಾಲಿಗೆ ಮೋಸವಿಲ್ಲ.

ಕಾನೂನು ಏನನ್ನುತ್ತದೆ? ಕುದುರೆ ರೇಸು ಕೌಶಲದ ಆಟ, ಬರೀ ಅದೃಷ್ಟದ ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದೆ. ಅಷ್ಟಾದರೂ ಪಂದ್ಯದ ಹಣಕ್ಕಾಗಿ ಕೋರ್ಟು ಹತ್ತುವುದು ಸುಲಭವಲ್ಲ. ಕರಾರು ಕಾಯ್ದೆಯ 30ನೇ ಸೆಕ್ಷನ್ ಬಾಜಿಯ ಒಪ್ಪಂದಕ್ಕೆ ಬೆಲೆ ಕೊಡುವುದಿಲ್ಲ. ಕುದುರೆ ರೇಸಿಗೆ ಅದರಲ್ಲಿರುವ ವಿನಾಯಿತಿ ಗೆದ್ದ ಕುದುರೆಯ ಬಹುಮಾನಕ್ಕೆ ಸಂಬಂಧಿಸಿದ್ದು, ಪಂಟರ್‌ಗೆ ಉಪಯೋಗವಿಲ್ಲ. ಆದರೆ ಪ್ರವೇಶ ಟಿಕೆಟ್‌ನ ಮಾತೇ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಸೇವೆ’ಯ ಪಟ್ಟಿಯಲ್ಲಿ ಮನರಂಜನೆಯನ್ನೂ ಸೇರಿಸಿದೆ. ಸೋತ ಬಾಜಿಯ ಬಗ್ಗೆ ಅಲ್ಲಿ ಅಳುವಂತಿಲ್ಲ, ಮುರಿದ ಆಸನದ ಬಗ್ಗೆ ಕೇಳಬಹುದು. ಹೆಚ್ಚಿನ ಪಂಟರ್‌ಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿದ್ದವರು ಮುಜುಗರಕ್ಕೆ ಸುಮ್ಮನಿರುತ್ತಾರೆ.

ಸುಮ್ಮನಿರುವುದು ಒಂದು ದಿನ ಹೇಗೆ ಒಡೆಯುತ್ತದೆಂಬುದನ್ನು ಬೆಂಗಳೂರು ನೋಡಿದೆ. 2019ರ ನವೆಂಬರ್‌ನಲ್ಲಿ ಟರ್ಫ್ ಕ್ಲಬ್‌ನ ಒಂದು ರೇಸಿನಲ್ಲಿ ಕುದುರೆಗಳು ಜಾಕಿಗಳ ಸಮೇತ ಉರುಳಿ ಬಿದ್ದವು. ಹಣ ವಾಪಸ್ ಕೊಡಿ ಎಂಬ ಕೂಗೆದ್ದಿತು. ಕೂಗು ಕಲ್ಲು ಕುರ್ಚಿಗಳಿಗೆ ತಿರುಗಿ, ಕೌಂಟರುಗಳು ಪುಡಿಯಾಗಿ, ಆ ದಿನದ ಉಳಿದ ರೇಸುಗಳೇ ರದ್ದಾದವು. ದಾಂಧಲೆಯನ್ನು ಸಮರ್ಥಿಸುವವರು ಯಾರೂ ಇಲ್ಲ. ಆದರೆ ಆ ಗುಂಪಿನಲ್ಲಿದ್ದ ಎಷ್ಟು ಜನಕ್ಕೆ ನಿಯಮ ಗೊತ್ತಿತ್ತು? ಓಟ ಶುರುವಾಗುವ ಮುಂಚೆ ಕುದುರೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಬಾಜಿ ಹಣ ವಾಪಸ್, ರೇಸನ್ನೇ ಅಸಿಂಧು ಎಂದರೂ ವಾಪಸ್, ಗೇಟು ತೆರೆದು ಓಟ ಶುರುವಾದ ಮೇಲೆ ಬಿದ್ದರೆ ಹಣ ಹೋದಂತೆ. ಇಷ್ಟನ್ನು ಪ್ರತಿ ಕೌಂಟರಿನ ನೆತ್ತಿಯ ಮೇಲೆ ದಪ್ಪ ಕನ್ನಡದಲ್ಲಿ ಬರೆಸಲು ಎಷ್ಟು ಖರ್ಚಾದೀತು? ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳ ವಿಚಾರಣೆ ನಡೆಯುತ್ತಿದೆ, ಟಿಕೆಟ್ ಹರಿಯಬೇಡಿ, ಇಂಥ ಕಾರಣಕ್ಕೆ ಫಲಿತಾಂಶ ತಡವಾಗಿದೆ ಎಂಬುದು ಕೊನೆಯ ಸಾಲಿನಲ್ಲಿ ನಿಂತವನ ಕಿವಿಗೂ ಅರ್ಥವಾಗುವ ಮಾತಿನಲ್ಲಿ ಬೀಳಬೇಕು. ಕೋಪದ ಅರ್ಧ ಅಲ್ಲೇ ಇಳಿಯುತ್ತದೆ.

ಇಂಗ್ಲೆಂಡಿನ ಉದಾಹರಣೆ ಇದಕ್ಕೆ ಒಪ್ಪುತ್ತದೆ. 1993ರ ಏಪ್ರಿಲ್‌ನಲ್ಲಿ ಎಯ್ನ್‌ಟ್ರೀಯ ಗ್ರ್ಯಾಂಡ್ ನ್ಯಾಷನಲ್ ರೇಸ್ ಆರಂಭದಲ್ಲೇ ಎಡವಿತು. ಶುರುವಿನ ಗೆರೆಗೆ ಅಡ್ಡ ಕಟ್ಟಿದ್ದ ಪಟ್ಟಿ ಜಾಕಿಯೊಬ್ಬನ ಕುತ್ತಿಗೆಗೆ ಸುತ್ತಿಕೊಂಡಿತು, ನಿಲ್ಲಿಸಿ ಎಂಬ ಸನ್ನೆ ಹೆಚ್ಚಿನವರಿಗೆ ತಲುಪಲೇ ಇಲ್ಲ. 39 ಕುದುರೆಗಳಲ್ಲಿ 30 ಓಡಿಯೇ ಬಿಟ್ಟವು, ಏಳು ಕುದುರೆಗಳು ಗುರಿಯನ್ನೂ ಮುಟ್ಟಿದವು. ಇಡೀ ಜಗತ್ತು ಟಿವಿಯಲ್ಲಿ ನೋಡಿ ನಕ್ಕಿತು. ಆದರೂ ರೇಸ್ ಅಸಿಂಧು ಎಂದು ಸಾರಿ, ಸುಮಾರು 7.5 ಕೋಟಿ ಪೌಂಡ್ ಬಾಜಿ ಹಣವನ್ನು ಹಿಂದಿರುಗಿಸಲಾಯಿತು, ಆಮೇಲೆ ಆರಂಭದ ವ್ಯವಸ್ಥೆಯೂ ಬದಲಾಯಿತು. ಮಾನ ಹೋದರೂ ಗಿರಾಕಿ ಉಳಿದ.

ಅಮೆರಿಕದಲ್ಲಿ ಮಾನ, ಗಿರಾಕಿ ಎರಡನ್ನೂ ಕಳೆದುಕೊಂಡ ಜಾಗಗಳಿವೆ. ಬಾಲ್ಟಿಮೋರ್‌ನ ಪಿಮ್ಲಿಕೊ ದೇಶದ ಹಳೆಯ ರೇಸ್ ಕೋರ್ಸುಗಳಲ್ಲೊಂದು, ಪ್ರೀಕ್‌ನೆಸ್ ಎಂಬ ದೊಡ್ಡ ರೇಸು ಓಡುತ್ತಿದ್ದುದು ಅಲ್ಲೇ. 1998ರ ಪ್ರೀಕ್‌ನೆಸ್ ದಿನ ಸುಡುಬಿಸಿಲಿನಲ್ಲಿ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತು. ಲಿಫ್ಟ್ ನಿಂತವು, ಎಸಿ ನಿಂತಿತು, ಬಾಜಿ ಕಟ್ಟುವ ಹಲವು ಕಿಂಡಿಗಳೂ ಮುಚ್ಚಿದವು. 91,000ಕ್ಕೂ ಹೆಚ್ಚು ಜನ ಬೆವರು ಒರೆಸಿಕೊಳ್ಳುತ್ತ ನಿಂತರು. ಎಚ್ಚರಿಕೆಯ ಗಂಟೆ ಅಷ್ಟು ಜೋರಾಗಿ ಹೊಡೆದ ಮೇಲೂ ಎರಡು ದಶಕ ಕಳೆಯಿತು. 2019ರಲ್ಲಿ ಕಟ್ಟಡ ತಡೆದುಕೊಳ್ಳಲಾರದೆಂದು ಹಳೆಯ ಸ್ಟ್ಯಾಂಡಿನ 6,670 ಆಸನಗಳನ್ನು ಮುಚ್ಚಬೇಕಾಯಿತು, ರೇಸಿನ ದಿನವೇ ನೀರಿನ ತೊಂದರೆಯಿಂದ ಶೌಚಾಲಯಗಳಿಗೆ ಬೀಗ ಬಿತ್ತು. ಕೊನೆಗೆ 2025ರಲ್ಲಿ ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಲು ಕೈಹಾಕಿದರು. ಅಷ್ಟು ವರ್ಷ ಟಿಕೆಟ್ ದುಡ್ಡು ಮಾತ್ರ ತಪ್ಪದೆ ವಸೂಲಾಗುತ್ತಿತ್ತು.

ಅದೇ ದೇಶದ ಬೆಲ್ಮಾಂಟ್ ಪಾರ್ಕ್ ಬೇರೆ ದಾರಿ ಹಿಡಿಯಿತು. 2014ರ ಜೂನ್ 7ರಂದು ಕ್ಯಾಲಿಫೋರ್ನಿಯಾ ಕ್ರೋಮ್ ಎಂಬ ಕುದುರೆ ಮೂರು ದೊಡ್ಡ ರೇಸುಗಳ ಟ್ರಿಪಲ್ ಕ್ರೌನ್ ಗೆಲ್ಲಬಹುದೆಂದು 1,02,199 ಜನ ನೆರೆದರು. ಕುದುರೆ ಗೆಲ್ಲಲಿಲ್ಲ, ಜನರಿಗೆ ಬೇಗ ಮನೆಗೆ ಹೋಗಲೂ ಆಗಲಿಲ್ಲ. ಲಾಂಗ್ ಐಲ್ಯಾಂಡ್ ರೈಲಿಗಾಗಿ ಗಂಟೆಗಟ್ಟಲೆ ಇಕ್ಕಟ್ಟಿನಲ್ಲಿ ಕಾದರು. ಮರುವರ್ಷ ರೇಸ್ ನಡೆಸುವ ಸಂಸ್ಥೆ ಟಿಕೆಟ್‌ಗಳನ್ನು 90,000ಕ್ಕೆ ನಿಲ್ಲಿಸಿತು, ರೈಲು ನಿಲ್ದಾಣವನ್ನೂ ಸರಿಪಡಿಸಲಾಯಿತು. ಆ ಸಲ ಅಮೆರಿಕನ್ ಫರೋವಾ ಎಂಬ ಕುದುರೆ ಗೆದ್ದು 37 ವರ್ಷಗಳ ಟ್ರಿಪಲ್ ಕ್ರೌನ್ ಬರ ನೀಗಿಸಿತು. ಹೆಚ್ಚು ಟಿಕೆಟ್ ಮಾರಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ, ಆದರೂ ಮಾರಲಿಲ್ಲ. ಜನಸಂದಣಿಯ ಲೆಕ್ಕ ತಪ್ಪಿದರೆ ಏನಾಗುತ್ತದೆಂದು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಕಳೆದುಕೊಂಡ ಊರಿಗೆ ಬಿಡಿಸಿ ಹೇಳಬೇಕಿಲ್ಲ.

ಅತಿ ದೊಡ್ಡ ಖರ್ಚೇನೂ ಬೇಡದ ಕೆಲಸಗಳೂ ಇವೆ. ಹಾಂಗ್‌ಕಾಂಗ್‌ನ ಹ್ಯಾಪಿ ವ್ಯಾಲಿಯಲ್ಲಿ ಬುಧವಾರದ ರಾತ್ರಿ 10 ಹಾಂಗ್‌ಕಾಂಗ್ ಡಾಲರಿಗೆ ಒಳಗೆ ಹೋಗಬಹುದು. ಕೆಂಟಕಿಯ ಕೀನ್‌ಲ್ಯಾಂಡ್‌ನಲ್ಲಿ ಹೊಸಬರಿಗೆ ವಿನ್ ಎಂದರೇನು, ಪ್ಲೇಸ್ ಎಂದರೇನು ಎಂದು ಪುಕ್ಕಟೆ ಹೇಳಿಕೊಡಲೆಂದೇ ಸಿಬ್ಬಂದಿ ಇರುತ್ತಾರೆ. ನಮ್ಮಲ್ಲಿ ಮೊದಲ ಸಲ ಹೋದವನಿಗೆ ತನಾಲ, ಕ್ವಿನೆಲ್ಲಾ, ಜಾಕ್‌ಪಾಟ್ ಎಂಬ ಬಾಜಿಗಳ ವ್ಯತ್ಯಾಸ ಕಲಿಸುವುದು ಪಕ್ಕದಲ್ಲಿ ನಿಂತ ಅಪರಿಚಿತ. ಅವನು ಕಲಿಸುವ ಜೊತೆಗೆ ಒಂದು ‘ಗ್ಯಾರಂಟಿ ಟಿಪ್’ ಕೂಡ ಕೊಡುತ್ತಾನೆ, ಅದರ ಬೆಲೆ ಬೇರೆ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಬೆಂಗಳೂರಿನ ರೇಸ್ ಕೋರ್ಸನ್ನು ಊರ ನಡುವಿನಿಂದ ಎತ್ತಿ ಕುಣಿಗಲ್‌ನ ಸ್ಟಡ್ ಫಾರ್ಮ್ ಜಾಗಕ್ಕೆ ಒಯ್ಯುವ ಪ್ರಸ್ತಾವ ಇದೆ. ಮಾತುಕತೆಯಲ್ಲಿ ಸರ್ಕಾರವಿದೆ, ಕ್ಲಬ್ಬಿದೆ, ಕುದುರೆ ಮಾಲೀಕರಿದ್ದಾರೆ, ಮರ ಉಳಿಸಿ ಎನ್ನುವವರಿದ್ದಾರೆ. ಟಿಕೆಟ್ ಕೊಳ್ಳುವವನು ಮಾತ್ರ ಇಲ್ಲ. 2024ರ ಬೇಸಿಗೆಯಲ್ಲೂ ಹೀಗೇ ಆಗಿತ್ತು. ರೇಸ್ ಪರವಾನಗಿಯ ವ್ಯಾಜ್ಯದಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಜೂನ್‌ನಲ್ಲಿ ಅನುಮತಿ ಕೊಟ್ಟಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ತಡೆ ನೀಡಿತು. ಸರ್ಕಾರ, ಕ್ಲಬ್ಬು, ತರಬೇತುದಾರರು ತಮ್ಮ ತಮ್ಮ ಮಾತು ಹೇಳಿದರು. ನಟ ಅಂಬರೀಶ್ ಅವರಂಥ ರೇಸ್ ಪ್ರೇಮಿಯ ಹೆಸರನ್ನು ರೇಸ್ ಕೋರ್ಸ್ ರಸ್ತೆಗೆ ಇಟ್ಟ ನಾಡಿನಲ್ಲಿ, ಅದೇ ರಸ್ತೆಯಲ್ಲಿ ಬಸ್ಸಿಳಿದು ಹೋಗುವ ಸಾಮಾನ್ಯ ರೇಸ್ ಪ್ರೇಮಿಗೆ ಮಾತಿಲ್ಲ.

ಆದ್ದರಿಂದ ರೇಸಿಗೆ ಹೋಗುವ ಓದುಗರಲ್ಲಿ ಒಂದು ಮನವಿ. ಸೋತ ಸಿಟ್ಟನ್ನೂ ಸೌಕರ್ಯದ ದೂರನ್ನೂ ಬೆರೆಸಬೇಡಿ. ಬೆರೆಸಿದರೆ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಪ್ರವೇಶ ಟಿಕೆಟ್ ಎಸೆಯದೆ ಇಟ್ಟುಕೊಂಡು, ನಲ್ಲಿಯಲ್ಲಿ ನೀರಿಲ್ಲದಿದ್ದರೆ ಹೊತ್ತು ದಿನಾಂಕ ನಮೂದಿಸಿ ಕ್ಲಬ್ಬಿನ ಕಾರ್ಯದರ್ಶಿಗೆ ಬರೆದು ಕೊಡಿ, ಸ್ವೀಕೃತಿಯ ಮೊಹರು ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗವಿದೆ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸದಸ್ಯರ ಸ್ಟ್ಯಾಂಡಿನಲ್ಲಿ ಕೂರುವವರೂ ಒಮ್ಮೆ ಬೇಲಿಯಾಚೆಯ ಸಾರ್ವಜನಿಕ ಸ್ಟ್ಯಾಂಡಿಗೆ ಹೋಗಿ, ಅಲ್ಲಿನ ಶೌಚಾಲಯ ಬಳಸಿ ಬರಲಿ. ಆಮೇಲೆ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಏನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ರೇಸ್ ಕಂಡರಾಗದವರಲ್ಲೂ ಬೇಡಿಕೆಯಿದೆ: ಬೇಡವೆನ್ನುವುದಾದರೆ ಪರವಾನಗಿಯನ್ನೇ ಪ್ರಶ್ನಿಸಿ, ಒಳಗಿರುವವನಿಗೆ ನೀರು ಕೊಡಬೇಡಿ ಎನ್ನಬೇಡಿ. ಕುಣಿಗಲ್ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರ, ಹಾಸನದ ಮಾರ್ಗದಲ್ಲಿ ಅಲ್ಲಿಗೆ ರೈಲಿದೆ. ಪ್ರಸ್ತಾವ ಮುಂದುವರಿಯುವುದಾದರೆ ನಕ್ಷೆ ಕಾಗದದ ಮೇಲಿರುವಾಗಲೇ ಜನರ ಮುಂದಿಡಲಿ: ಸಾರ್ವಜನಿಕ ಸ್ಟ್ಯಾಂಡಿನಲ್ಲಿ ಚಾವಣಿ ಎಷ್ಟು ಆಸನಗಳಿಗಿದೆ, ಹೆಂಗಸರ ಶೌಚಾಲಯ ಎಲ್ಲಿ, ಗಾಲಿಕುರ್ಚಿ ಹತ್ತುವ ಇಳಿಜಾರು ಯಾವ ಗೇಟಿನಲ್ಲಿ, ಕೊನೆಯ ರೇಸ್ ಮುಗಿದು ಎಷ್ಟು ನಿಮಿಷಕ್ಕೆ ಬೆಂಗಳೂರಿನ ರೈಲು.