ಕೇಳುವವರ ಕಾಣಿಕೆ, ಬಾನುಲಿಯ ಹಾಡು

ಸೋಮವತಿ ಅಮಾವಾಸ್ಯೆಯಂದು ಜೇಜುರಿಯ ಗಡವೆಲ್ಲವೂ ಭಂಡಾರದಿಂದ ಹಳದಿಯಾಗುತ್ತದೆ. ಮರಾಠಿ ಬಾಂಧವರು ಖಂಡೋಬನೆಂದು ಪೂಜಿಸುವ ದೈವವೇ ನಮ್ಮವರ ಮೈಲಾರಲಿಂಗ. ಅಲ್ಲಿಯ ‘ಯೆಳಕೋಟ’ ಘೋಷದಲ್ಲಿ ‘ಏಳುಕೋಟಿ’ಯನ್ನು ಕನ್ನಡದ ಕಿವಿ ತಟ್ಟನೆ ಗುರುತಿಸುತ್ತದೆ. ವಾಘ್ಯಾ-ಮುರಳಿಯರ ಜಾಗರಣದ ಹಾಡಾಗಲಿ, ಡಮರುಗ ಹಿಡಿದ ಗೊರವಯ್ಯನ ಪದವಾಗಲಿ ಕೇಳುವವರ ಕಾಣಿಕೆಯಿಂದಲೇ ಬದುಕಿ ಬಂದಿವೆ. ಇಂತಹ ಹಾಡಿಗೆ ಬಾನುಲಿಯಲ್ಲಿ ಸ್ಥಾನವೆಲ್ಲಿ ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಕೇಳುವವರೇ ಹಣ ತೆತ್ತು ಭಕ್ತಿಗೀತೆಯ ಕೇಂದ್ರವನ್ನು ನಡೆಸುವುದು ಪರದೇಶಗಳಲ್ಲಿ ಹೊಸತಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ನಗರದಲ್ಲಿ 1982ರಲ್ಲಿ ಆರಂಭವಾದ ಕ್ರೈಸ್ತ ಸಂಗೀತ ಕೇಂದ್ರವೊಂದು ಶ್ರೋತೃಗಳ ದೇಣಿಗೆಯಿಂದ ಬೆಳೆದು, ಕೆ-ಲವ್ ಎಂಬ ಹೆಸರಿನಲ್ಲಿ ಅಮೆರಿಕವನ್ನೆಲ್ಲ ವ್ಯಾಪಿಸಿತು. ನಮ್ಮ ದೇಶದ ಮಾರ್ಗ ಬೇರೆ. ಬಾನುಲಿಯ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತಾದರೂ, ಖಾಸಗಿ ಎಫ್.ಎಂ. ಪರವಾನಗಿಗೆ ಧಾರ್ಮಿಕ ಸಂಸ್ಥೆಗಳು ಅರ್ಹವಲ್ಲ. ಈ ನಿರ್ಬಂಧವನ್ನು ನಾವು ಆಕ್ಷೇಪಿಸುವುದಿಲ್ಲ. ಪಂಥಕ್ಕೊಂದು ಗೋಪುರವೆದ್ದರೆ ಹಾಡಿಗಿಂತ ಹಠವೇ ಹೆಚ್ಚೀತು.

ಆದರೆ ಇನ್ನೊಂದು ಬಾಗಿಲು ತೆರೆದಿದೆ. 2006ರ ಸಮುದಾಯ ಬಾನುಲಿ ನೀತಿಯು ವಿದ್ಯಾಸಂಸ್ಥೆಗಳಿಗಲ್ಲದೆ, ಲಾಭದಾಸೆಯಿಲ್ಲದ ಸೇವಾಸಂಸ್ಥೆಗಳಿಗೂ ಅವಕಾಶವಿತ್ತಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2009ರಲ್ಲಿ ಆರಂಭಿಸಿದ ರೇಡಿಯೊ ಸಾರಂಗ್ ಗಮನಾರ್ಹ ನಿದರ್ಶನ. ಜೆಸ್ವಿಟ್ ಪಾದ್ರಿಗಳ ವಿದ್ಯಾಲಯದ್ದಾದರೂ ಅದು ಒಂದು ಮತಕ್ಕೆ ಮೀಸಲಾಗದೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ನುಡಿಗಳ ಜನರಿಗೆ ಧ್ವನಿಯಾಯಿತು. ಪುಣೆ ವಿಶ್ವವಿದ್ಯಾಲಯದ ವಿದ್ಯಾವಾಣಿಯು 2005ರಲ್ಲಿಯೇ ಆರಂಭವಾಯಿತು. ಆದರೆ ನೂರು ವ್ಯಾಟಿನ ಇಂತಹ ಕೇಂದ್ರದ ದನಿ ಸಾಮಾನ್ಯವಾಗಿ 10-15 ಕಿಲೋಮೀಟರಿನಾಚೆ ಸಾಗದು. ಜೇಜುರಿಯೋ ಪುಣೆಯಿಂದ ಸುಮಾರು 50 ಕಿಲೋಮೀಟರು ದೂರ. ಆದ್ದರಿಂದ ಜೇಜುರಿಯ ದನಿ ಜೇಜುರಿಯಲ್ಲಿಯೇ ಹುಟ್ಟಬೇಕು.

ಹಣದ ಪ್ರಶ್ನೆಯೇ ಕಠಿಣವಾದುದು. ಮೊದಲು ಗಂಟೆಗೆ 5 ನಿಮಿಷವಿದ್ದ ಜಾಹೀರಾತಿನ ಮಿತಿಯನ್ನು 2024ರ ನಿಯಮಗಳು 12 ನಿಮಿಷಕ್ಕೇರಿಸಿವೆ. ಆದರೆ ಜಾತ್ರೆ ಕಳೆದ ಮೇಲೆ ಸಣ್ಣ ಊರಿನಲ್ಲಿ ಜಾಹೀರಾತು ನೀಡುವ ವರ್ತಕರೆಷ್ಟು ಮಂದಿ? ಜಾಹೀರಾತನ್ನೇ ನಂಬಿದ ಕೇಂದ್ರವು ಚಿತ್ರಗೀತೆಗೆ ಶರಣಾಗುತ್ತದೆ. ಒಬ್ಬ ಧನಿಕನನ್ನು ನಂಬಿದ್ದು ಅವನ ಇಚ್ಛೆಗೆ ತಾಳ ಹಾಕುತ್ತದೆ. ಅನೇಕರ ಅಲ್ಪ ಕಾಣಿಕೆಯೂ ಎಲ್ಲರಿಗೂ ತೆರೆದ ಲೆಕ್ಕಪತ್ರವೂ ಇದ್ದಲ್ಲಿ ಮಾತ್ರ ಕೇಂದ್ರ ಜನರದಾಗಿ ಉಳಿದೀತು.

ಜೇಜುರಿಯ ಯಾವುದಾದರೊಂದು ಸಂಸ್ಥೆ ಇದಕ್ಕೆ ಮುಂದಾದರೆ, ಮುಂಬಯಿ, ಪುಣೆ, ಸೊಲ್ಲಾಪುರಗಳ ಕನ್ನಡಿಗರು ದೂರ ನಿಲ್ಲಬಾರದು. ಕಾಣಿಕೆಯನ್ನಿತ್ತು, ಮರಾಠಿ ಜಾಗರಣದೊಡನೆ ಗೊರವರ ಪದಕ್ಕೂ ವೇಳೆಯನ್ನು ಕೇಳಬೇಕು. ಗಡದ ಮೇಲೆ ಹಿಡಿ ಭಂಡಾರ ತೂರುವ ಕೈ, ಹಾಡುವವನಿಗೆ ನಾಲ್ಕು ಕಾಸು ನೀಡಲು ಹಿಂಜರಿಯಲಾರದೆಂದು ನಂಬಿದ್ದೇವೆ.